ಕೆ-ರಾಯರ ಒಡಪು

ಬರೆದ ಅಕ್ಷರವನ್ನು ಓದದೆ ಬಿಡುವುದು ಕನ್ನಡ ಶಾಲೆಯಲ್ಲಿ ಪೆಟ್ಟು ತಿನ್ನುವ ಅಪರಾಧ. ಇಂಗ್ಲಿಷಿನಲ್ಲಿ ಅದೇ ಸಭ್ಯತೆ. ಈ ವ್ಯತ್ಯಾಸವನ್ನು ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಒಂದು ಬೇಸಿಗೆಯಲ್ಲಿ ತಿಳಿಸಿಕೊಡುವ ಕೆಲಸ ತೊಂಬತ್ತಾರನೇ ಇಸವಿಯಲ್ಲಿ ನನ್ನ ಪಾಲಿಗೆ ಬಂತು.

ಆಗ ನಾನು ಪುಣೆಯ ಶುಕ್ರವಾರ ಪೇಟೆಯ ಹಳೆಯ ವಾಡೆಯೊಂದರ ಮಾಳಿಗೆಯ ಮೇಲೆ ಬಾಡಿಗೆಗಿದ್ದೆ. ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ್ದೇನೆಂಬ ಸುದ್ದಿ ಹೇಗೋ ಹೊರಬಿದ್ದು, ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ನಾನು ‘ಮಾರ್ತಾಂಡ ಮಾಸ್ತರ’ ಆಗಿಹೋಗಿದ್ದೆ. ಮಾಸ್ತರನಾಗುವುದು ಬೇಡವೆಂದೇ ಗುಮಾಸ್ತನಾದವನು ನಾನು. ಆದರೆ ಪೇಟೆಯ ಜನ ಒಮ್ಮೆ ಇಟ್ಟ ಹೆಸರನ್ನು ರಾಜೀನಾಮೆ ಕೊಟ್ಟು ಬಿಡಿಸಿಕೊಳ್ಳಲಾಗುವುದಿಲ್ಲ.

ಆ ಏಪ್ರಿಲ್‌ನಲ್ಲಿ ಕೆಳಗಿನ ಎರಡು ಖೋಲಿಗಳಿಗೆ ಬಸವಪ್ರಭು ಎಂಬವರ ಸಂಸಾರ ಬಂತು. ವಿಜಾಪುರದ ಕಡೆಯವರು. ಪುಣೆ ಜಿಲ್ಲೆಯ ಕುರಕುಂಭದಲ್ಲಿ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದಾಗ ಇದ್ದದ್ದು ಒಂದೇ ಕೋಣೆ, ಹತ್ತಿರ ಕನ್ನಡದ ಶಾಲೆಯೂ ಇರಲಿಲ್ಲ. ಹಾಗಾಗಿ ಮಗಳು ಸ್ನೇಹಲ್‌ಳನ್ನು ಒಂದನೆಯ ಇಯತ್ತೆಯಿಂದಲೇ ತಾಳಿಕೋಟೆಯ ಅಕ್ಕನ ಮನೆಯಲ್ಲಿ ಬಿಟ್ಟಿದ್ದರು. ಈಗ ಪುಣೆಗೆ ಬದಲಿಯಾಗಿ, ಮಗಳನ್ನೂ ಊರಿನಿಂದ ತಂದೆತಾಯಿಯನ್ನೂ ಕರೆಸಿಕೊಂಡು, ಮೊದಲ ಸಲ ಪೂರ್ತಿ ಮನೆ ಎಂಬುದನ್ನು ಮಾಡಿದ್ದರು. ಸ್ನೇಹಲ್ ತಾಯಿ ಮಾಧುರಿಯ ಸೆರಗು ಹಿಡಿದುಕೊಂಡೇ ಓಡಾಡುತ್ತಿದ್ದಳು. ಹತ್ತು ವರ್ಷದವಳಿಗೆ ಅದು ತಕ್ಕದ್ದಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೆ ಹಿಡಿಯಬೇಕಾದ ವಯಸ್ಸಿನಲ್ಲಿ ಸೆರಗು ತಾಳಿಕೋಟೆಯಲ್ಲಿರಲಿಲ್ಲ.

ಮನೆಯಲ್ಲಿ ಮಾತೆಲ್ಲ ಅಜ್ಜಿ ಬಸವಣ್ಣೆವ್ವನದು. ಸ್ನೇಹಲ್ ಅವಳನ್ನು ಆ ಕಡೆಯ ರೂಢಿಯಂತೆ ‘ಆಯಿ’ ಎಂದು ಕರೆಯುತ್ತಿದ್ದಳು. ಮರಾಠಿಯಲ್ಲಿ ಆಯಿ ಎಂದರೆ ತಾಯಿಯಾದ್ದರಿಂದ ವಾಡೆಯ ಹೆಂಗಸರಿಗೆ ಮೊದಲ ವಾರ ಈ ಮನೆಯ ಸಂಬಂಧಗಳೇ ತಿಳಿಯಲಿಲ್ಲ. ಅಜ್ಜ ಶಿವಪ್ಪನವರು ಬಾಗಿಲ ಮುಂದಿನ ಕಟ್ಟೆಯ ಮೇಲೆ ಬೆಳಿಗ್ಗೆ ಕೂತರೆ ಊಟಕ್ಕೆ ಏಳುತ್ತಿದ್ದರು. ಮಾತಾಡುತ್ತಿರಲಿಲ್ಲ. ಬಸವಣ್ಣೆವ್ವ ಗಂಡನ ಹೆಸರನ್ನು ಬಾಯಿಯಲ್ಲಿ ಹೇಳುವವಳಲ್ಲ. ‘ಇವರು’ ಎಂದರೆ ಮುಗಿಯಿತು. ತೊಡಕು ಬರುತ್ತಿದ್ದದ್ದು ಲಿಂಗಪೂಜೆಯ ಹೊತ್ತಿಗೆ. ‘ಓಂ ನಮಃ’ ಎಂದ ಮೇಲೆ ಬರಬೇಕಾದದ್ದು ಗಂಡನ ಹೆಸರೇ ಆಗಿಬಿಟ್ಟಿತ್ತಲ್ಲ. ಅವಳು ಅಲ್ಲಿ ಒಂದು ಕ್ಷಣ ತಡೆದು, ‘ಇವರ ಹೆಸರಿನವರಿಗೆ’ ಎಂದು ಮಂತ್ರ ಮುಗಿಸುತ್ತಿದ್ದಳು. ದೇವರು ಇಷ್ಟು ವರ್ಷ ತಕರಾರು ಮಾಡಿರಲಿಲ್ಲ.

ಸಂಕಟವಿದ್ದದ್ದು ಸ್ನೇಹಲ್‌ಳ ಶಾಲೆಯದು. ಓಣಿಯ ಆಚೆಗಿನ ಇಂಗ್ಲಿಷ್ ಶಾಲೆಯಲ್ಲಿ ಐದನೆಯ ಇಯತ್ತೆಗೆ ಪರೀಕ್ಷೆ ಕೊಟ್ಟಳು. ಗಣಿತ ಪೂರ್ತಿ ಸರಿ. ಉಕ್ತಲೇಖನದಲ್ಲಿ, ಅಂದರೆ ಅವರ ಡಿಕ್ಟೇಶನ್‌ನಲ್ಲಿ, ಕಿವಿಗೆ ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದು ನಪಾಸಾದಳು. ಮುಖ್ಯಾಧ್ಯಾಪಿಕೆ ಕರಂದೀಕರ್ ಬಾಯಿ (ಅಲ್ಲಿ ಶಾಲೆಯ ಮೇಡಂ ಎಂದರೆ ‘ಬಾಯಿ’) ಜೂನಿನಲ್ಲಿ ಇನ್ನೊಂದು ಅವಕಾಶ ಕೊಡುತ್ತೇನೆ, ಅದೇ ಕೊನೆ ಎಂದರು. ಬಸವಪ್ರಭು ನನ್ನ ಬಳಿ ಬಂದರು.

“ಮಾಸ್ತರ, ಈ ಸಲ ಆಗಲಿಲ್ಲಂದ್ರ ತಾಳಿಕೋಟಿಗೇ ಕಳಸ್ತೀನ್ರಿ. ಅಲ್ಲೆ ಸಾಲಿ ಅದ, ಅಕ್ಕ ಅದಾಳ. ಇಲ್ಲಿ ಒಂದು ವರ್ಷ ಹಾಳ ಮಾಡಿ ಏನು ಮಾಡೂದದ?”

ಅವರು ಇದನ್ನು ಮೆಲ್ಲಗೆ ಹೇಳಿದ್ದರೂ ಕಂಬದ ಹಿಂದೆ ಎರಡು ಜಡೆಗಳು ನಿಂತಿದ್ದವು. ಮರುದಿನ ಪಾಟಿ ಹಿಡಿದು ಮಾಳಿಗೆ ಹತ್ತಿ ಬಂದ ಸ್ನೇಹಲ್ ಮೊದಲು ಕೇಳಿದ್ದು ಇಷ್ಟೇ: “ಸರ, ಎಷ್ಟು ಕಲ್ತರ ತಾಳಿಕೋಟಿ ತಪ್ಪತದ?”

ನಾನು ನನಗೆ ಗೊತ್ತಿದ್ದ ದಾರಿಯಿಂದ ಹೊರಟೆ. ‘ನೈಫ್’ ಮುಂದೆ ಕೆ ಇದೆ. ನಾನೂರು ಐನೂರು ವರ್ಷಗಳ ಹಿಂದೆ ಇಂಗ್ಲಿಷರು ಅದನ್ನು ಉಚ್ಚರಿಸುತ್ತಿದ್ದರು. ಆಮೇಲೆ ನಾಲಿಗೆ ಸೋಮಾರಿಯಾಯಿತು, ಕೈ ಮಾತ್ರ ಹಳೆಯ ಅಭ್ಯಾಸ ಬಿಡಲಿಲ್ಲ. ನನಗೆ ಇದು ಬಲು ಸ್ವಾರಸ್ಯದ ಕಥೆ. ಸ್ನೇಹಲ್ ಸಭ್ಯತೆಯಿಂದ ಪೂರ್ತಿ ಕೇಳಿದಳು.

“ಈಗ ಅನ್ನಂಗಿಲ್ಲಲ್ರಿ ಸರ?”

“ಇಲ್ಲ.”

“ಹಂಗಾರ ತಗದ ಒಗಿಬೇಕಿಲ್ಲೋ?”

ಈ ಪ್ರಶ್ನೆಯನ್ನು ಇಂಗ್ಲಿಷರೇ ಒಬ್ಬರನ್ನೊಬ್ಬರು ಕೇಳಿಕೊಂಡು ಸೋತಿದ್ದಾರೆ. ನಾನು ಕೆಂಪು ಪೆನ್ಸಿಲಿನಿಂದ ಅಕ್ಷರಕ್ಕೆ ಸುತ್ತು ಹಾಕಿಸಿದೆ. ಮತ್ತೆ ಮತ್ತೆ ಬರೆಸಿದೆ. ಸಂಜೆ ಬಂದದ್ದು ಬೆಳಿಗ್ಗೆ ಹೋಗುತ್ತಿತ್ತು. ನೈಫ್‌ನ ಕೆ ಹೋಯಿತು, ಲ್ಯಾಂಬ್‌ನ ಬಿ ಹೋಯಿತು, ಕ್ಯಾಸಲ್‌ನ ಟಿ ಹೋಯಿತು. ಮೇ ತಿಂಗಳು ಹೋಗುತ್ತ ಬಂತು. ಒಂದು ಸಂಜೆ ಅವಳು ಅಂಗಳದಲ್ಲಿ ಕೂತು ಅಳತೊಡಗಿದಳು. ಸದ್ದಿಲ್ಲದ ಅಳು, ಬೇರೆಯವರ ಮನೆಯಲ್ಲಿ ಬೆಳೆದ ಮಕ್ಕಳಿಗೆ ಮಾತ್ರ ಬರುವಂಥದ್ದು.

ಬಸವಣ್ಣೆವ್ವ ಅಲ್ಲೇ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಏನ್ರಿ ಮಾಸ್ತರ, ನಮ್ಮ ಕೂಸಿಗೆ ಏನ ಅಂದ್ರಿ?”

“ನಾ ಏನೂ ಅಂದಿಲ್ಲಮ್ಮ. ಬರವಣಿಗೆಯಲ್ಲಿ ಒಂದು ಅಕ್ಷರ ಇರ್ತದ, ಬಾಯಲ್ಲಿ ಅದನ್ನ ಅನ್ನಬಾರದು. ಅದು ಇವಳಿಗೆ ನೆನಪು ಉಳೀವಲ್ದು.”

ಬಸವಣ್ಣೆವ್ವ ಮೊರ ಕೆಳಗಿಟ್ಟು ನಕ್ಕಳು. “ಅಯ್ಯ, ಇಷ್ಟೇನು? ರೇಶನ್ ಕಾರ್ಡಿನ್ಯಾಗ ಇವರ ಹೆಸರು ಅದ ಇಲ್ಲೋ? ಎಲ್ಲಾರ ಮೊದಲ ಅದ. ನಾ ಅದನ್ನ ಎಂದರ ಬಾಯಿಲೆ ಅಂದೀನೇನು? ಅಂದಿಲ್ಲಂತ ಇವರು ಮನ್ಯಾಗ ಇಲ್ಲಂತೇನು? ಇವರ್ನ ಬಿಟ್ಟ ಬರದ್ರ ಸಕ್ಕರಿ ಕೊಡ್ತಾನೇನು ಅಂವ?”

ಸ್ನೇಹಲ್ ಅಳು ನಿಲ್ಲಿಸಿ ಕಟ್ಟೆಯ ಕಡೆ ನೋಡಿದಳು. ಶಿವಪ್ಪನವರು ಎಂದಿನಂತೆ ಎಲ್ಲಕ್ಕೂ ಮುಂದೆ, ಸುಮ್ಮನೆ ಕೂತಿದ್ದರು.

“ಅಂದ್ರ ಕೆ ಅಂದ್ರ ಎನ್ನಿನ ಗಂಡ ಏನು, ಆಯಿ?”

“ಇದ್ದೀತು ನೋಡವಾ. ಮುಂದ ಕುಂತಾನ, ಮಾತಾಡಂಗಿಲ್ಲ. ಎದ್ದ ಹೋದ್ರ ಮಾತ್ರ ಮನಿ ಬಿದ್ದ ಹೋಗತದ.”

“ಆದ್ರ ನೀ ಕುಬಸದ ದಿನ, ಮದವ್ಯಾಗ, ಅಜ್ಜಾನ ಹೆಸರು ಹೇಳ್ತಿಯಲ್ಲ? ಒಡಪು ಹಾಕಿ?”

ಒಡಪು ಎಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಉಳಿದವರಿಗಾಗಿ: ವರ್ಷವಿಡೀ ಮುಚ್ಚಿಟ್ಟ ಗಂಡನ ಹೆಸರನ್ನು ಶುಭಕಾರ್ಯದ ದಿನ ಹೆಣ್ಣುಮಕ್ಕಳೆಲ್ಲ ಸೇರಿ ಹೊರಡಿಸುತ್ತಾರೆ. ಆಗಲೂ ಬರಿದಾಗಿ ಹೇಳುವಂತಿಲ್ಲ. ಪ್ರಾಸವಿಟ್ಟ ಎರಡು ಸಾಲಿನೊಳಗೆ ಸೇರಿಸಿ ಹೇಳಬೇಕು. ಬಸವಣ್ಣೆವ್ವ ಈ ವಿದ್ಯೆಯಲ್ಲಿ ತನ್ನ ಸಮ ಯಾರೂ ಇಲ್ಲವೆಂದು ತಿಳಿದಿದ್ದಳು, ಮತ್ತು ಅದನ್ನು ಬೇರೆಯವರಿಗೂ ತಿಳಿಸುತ್ತಿದ್ದಳು.

ಆ ಸಂಜೆಯೇ ಕೆಲಸ ಶುರುವಾಯಿತು. ನಾನು ಪದದ ಅರ್ಥ ಹೇಳುವುದು, ಯಾವ ಅಕ್ಷರ ಎಲ್ಲಿ ಕೂತಿದೆ ಎಂದು ತೋರಿಸುವುದು. ಅಜ್ಜಿ ಮೊಮ್ಮಗಳು ಸೇರಿ ಒಡಪು ಕಟ್ಟುವುದು.

“ಬದನಿಕಾಯಿ ಹೆಚ್ಚಿದ್ರ ಆಗ್ತಾವ ಹೋಳು,
ನೈಫಿನ ಮುಂದ ಕೆ-ರಾಯರು, ಬಾಯಿ ಬಿಟ್ಟರ ಕೇಳು.”

ಲ್ಯಾಂಬ್ ಎಂದರೆ ಕುರಿಮರಿ ಎಂದೆ. ಬಿ ಎಲ್ಲಿರುತ್ತದೆ ಎಂದು ಬಸವಣ್ಣೆವ್ವ ಕೇಳಿದಳು. ಹಿಂದೆ ಎಂದೆ.

“ಕುರಿಮರಿ ಮೇಯತದ ಹೊಲದ ಬದಿ,
ಲ್ಯಾಂಬಿನ ಹಿಂದ ಬಿ-ರಾಯರು, ಹಿಡದಾರ ಬಾಲದ ತುದಿ.”

‘ರೈಟ್’ ಎಂದರೆ ಬರೆ ಎಂಬುದನ್ನು ಸ್ನೇಹಲ್ ಒಬ್ಬಳೇ ಕಟ್ಟಿ ತಂದಳು:

“ಪಾಟಿ ಒರಸಿ ಬಳಪ ಹೆರದೀನಿ,
ಡಬ್ಲ್ಯೂ-ರಾಯರ ಹೆಸರು ಮೊದಲ ಬರದೀನಿ.”

ಐಲ್ಯಾಂಡಿನ ಎಸ್-ರಾಯರಿಗೆ ಈಜು ಬರುವುದಿಲ್ಲ, ಸುತ್ತ ನೀರು, ಅದಕ್ಕೆ ಬಾಯಿ ಮುಚ್ಚಿ ನಡುವೆ ಕೂತಿದ್ದಾರೆ ಎಂದಾಯಿತು. ವಾಡೆಯ ಮರಾಠಿ ಮಕ್ಕಳೂ ಬಂದು ಕೂತವು. ಅವರ ಮನೆಗಳಲ್ಲೂ ಇದೇ ಪದ್ಧತಿ ಉಂಟು, ಉಖಾಣೆ ಎನ್ನುತ್ತಾರೆ. ಭಾಷೆ ತಿಳಿಯದಿದ್ದರೂ ಎಲ್ಲಿ ಚಪ್ಪಾಳೆ ಹೊಡೆಯಬೇಕೆಂದು ಅವಕ್ಕೆ ಗೊತ್ತಿತ್ತು. ಸಂಜೆ ಬಂದ ಅಕ್ಷರ ಬೆಳಿಗ್ಗೆಯೂ ಮನೆಯಲ್ಲೇ ಇರತೊಡಗಿತು. ಕೆಲವು ಸಲ ಇರಬಾರದ ಮನೆಯಲ್ಲೂ ಇರುತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಬಸವಣ್ಣೆವ್ವ ಒಂದು ವಿಷಯದಲ್ಲಿ ಮಾತ್ರ ಬಿಗಿ. “ಹೆಸರಂದ್ರ ಕೇಳಿದ ಕೂಡಲೇ ಥಟ್ಟನ ಹೇಳೂದಲ್ಲವಾ. ಮಂದಿ ಏನಂದಾರು, ಕಾಯ್ಕೊಂಡ ಕುಂತಿದ್ಲು ಅಂತಾರ. ಮೊದಲ ತಲಿ ತೆಳಗ ಹಾಕಬೇಕು. ಒಲ್ಲೆ ಅನಬೇಕು. ಹೇಳ ಹೇಳ ಅಂತ ನಾಕ ಮಂದಿ ಬೆನ್ನ ಹತ್ತಬೇಕು. ಆಮ್ಯಾಲ ಹೇಳಬೇಕು.”

ಹಾಗೇ ನಡೆಯುತ್ತಿತ್ತು. ನಾನು “ನೈಫ್” ಎನ್ನುವುದು. ಸ್ನೇಹಲ್ ಬಳಪ ಕೆಳಗಿಟ್ಟು, ತಲೆ ತಗ್ಗಿಸಿ, ರಿಬ್ಬನ್ ಕಚ್ಚಿ “ಒಲ್ಲೆ” ಎನ್ನುವುದು. ಅಂಗಳವೆಲ್ಲ “ಹೇಳವಾ ಹೇಳ, ನಾಚಬ್ಯಾಡ” ಎನ್ನುವುದು. ಅವಳು ಒಡಪು ಹೇಳಿ ಬರೆಯುವುದು. ಬರೆದದ್ದು ಸರಿಯಿರುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಪರೀಕ್ಷೆಯ ಬೆಳಿಗ್ಗೆ ಮಾಧುರಿ ಮನೆಯಲ್ಲೇ ಉಳಿದಳು. ಬಂದರೆ ಅಳುತ್ತೇನೆ ಎಂದಳು. ಸ್ನೇಹಲ್ ಜೊತೆಗೆ ಬಸವಪ್ರಭು, ಅಜ್ಜ, ಅಜ್ಜಿ, ನಾನು ಹೀಗೆ ಸಣ್ಣ ದಿಬ್ಬಣವೇ ಹೊರಟಿತು. ಕರಂದೀಕರ್ ಬಾಯಿ ನಮ್ಮನ್ನೆಲ್ಲ ಎಣಿಸುವವರಂತೆ ನೋಡಿ, ಹುಡುಗಿಯನ್ನು ತಮ್ಮ ಕೋಣೆಗೆ ಕರೆದುಕೊಂಡರು. ನಾವು ಪಡಸಾಲೆಯ ಬೆಂಚಿನ ಮೇಲೆ ಕೂತೆವು. ಸೆಖೆಗೆ ಬಾಗಿಲು ತೆರೆದೇ ಇತ್ತು.

‘ಗಾರ್ಡನ್’ ಬಂತು, ಹೋಯಿತು. ‘ವಿಂಟರ್’ ಬಂತು, ಹೋಯಿತು. ಪೆನ್ಸಿಲಿನ ಸದ್ದು ಕೇಳುತ್ತಿತ್ತು.

“ನೈಫ್,” ಎಂದರು ಬಾಯಿ.

ಸ್ನೇಹಲ್ ಪೆನ್ಸಿಲ್ ಕೆಳಗಿಟ್ಟಳು. ತಲೆ ತಗ್ಗಿಸಿದಳು. ರಿಬ್ಬನ್ ಬಾಯಿಗೆ ಹೋಯಿತು.

ಅವಳು ಮರೆತಿರಲಿಲ್ಲ. ಅವಳು ಒತ್ತಾಯಕ್ಕಾಗಿ ಕಾಯುತ್ತಿದ್ದಳು.

“ನೈಫ್,” ಎಂದರು ಬಾಯಿ ಇನ್ನೊಮ್ಮೆ.

“ಒಲ್ಲೆ,” ಎಂದಳು ಸ್ನೇಹಲ್, ತುಂಬ ಮರ್ಯಾದೆಯಿಂದ.

ಬಾಯಿಗೆ ಕನ್ನಡ ಬಾರದು. ಆದರೆ ಉತ್ತರ ಬಾರದ ಹುಡುಗರ ತಗ್ಗಿದ ತಲೆಗಳನ್ನು ಬೇಕಾದಷ್ಟು ನೋಡಿದ್ದರು. “ಠೀಕ್ ಆಹೆ. ನೆಕ್ಸ್ಟ್. ಲ್ಯಾಂಬ್.” ತಲೆ ಇನ್ನಷ್ಟು ತಗ್ಗಿತು.

ಬಸವಪ್ರಭು ಬೆಂಚಿನ ಅಂಚು ಹಿಡಿದು ಅಂದರು, “ಮುಗೀತ್ರಿ ಮಾಸ್ತರ. ತಾಳಿಕೋಟಿ.”

ಆ ಒಂದು ಮಾತು ಬಸವಣ್ಣೆವ್ವನನ್ನು ಎಬ್ಬಿಸಿತು. ಬಾಗಿಲಿಗೆ ಹೋಗಿ, ಮದುವೆ ಮನೆಯಲ್ಲಿ ಹೇಗೋ ಹಾಗೆ, “ಹೇಳವಾ ಹೇಳ! ನಾಚಬ್ಯಾಡ! ಎಷ್ಟೊತ್ತು ಕಾಯಸ್ತಿ ಮಂದೀನ?” ಎಂದು ಕೂಗಿದಳು.

ಕರಂದೀಕರ್ ಬಾಯಿ ಹೊರಗೆ ಬಂದರು. ಧ್ವನಿ ಏರಿಸಲಿಲ್ಲ, ಏರಿಸುವವರಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಹೊರಗಿನಿಂದ ಉತ್ತರ ಹೇಳಿಕೊಡುವುದು ಈ ಶಾಲೆಯಲ್ಲಿ ನಡೆಯುವುದಿಲ್ಲ, ಹುಡುಗಿಯನ್ನು ಕರೆದುಕೊಂಡು ಹೋಗಬಹುದು ಎಂದು ಮರಾಠಿಯಲ್ಲಿ ಹೇಳಿದರು. ನಾನು ಎದ್ದು ನಿಂತು ಏನೋ ವಿವರಿಸಹೊರಟೆ. ಇಂಗ್ಲಿಷ್, ಗಂಡ, ಕೆ, ರೇಶನ್ ಕಾರ್ಡ್ ಇವಿಷ್ಟನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದ್ದರಿಂದ ಬಾಯಿಯ ಹುಬ್ಬು ಇನ್ನೂ ಮೇಲೆ ಹೋಯಿತು.

ಬಸವಣ್ಣೆವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು. ವಾಡೆಯ ನಲ್ಲಿಯ ಬಳಿ ಕಲಿತ ಮರಾಠಿಯಲ್ಲಿ ಅಂದಳು: “ಬಾಯಿ, ಉತ್ತರ ನಾಹೀ ಸಾಂಗಿತಲಾ. ನಾವ ಘ್ಯಾಯಲಾ ಸಾಂಗಿತಲಾ.”

ಉತ್ತರ ಹೇಳಿಲ್ಲ, ಹೆಸರು ತೆಗೆದುಕೊಳ್ಳಲು ಹೇಳಿದೆ. ಮರಾಠಿ ಹೆಂಗಸರ ನಡುವೆ ‘ನಾವ ಘೇಣೆ’ ಎಂದರೆ ಅದೊಂದೇ ಅರ್ಥ, ಒಡಪಿನಲ್ಲಿ ಗಂಡನ ಹೆಸರು ಹೇಳುವುದು. ಕರಂದೀಕರ್ ಬಾಯಿಯ ಹುಬ್ಬು ಕೆಳಗಿಳಿಯಿತು.

“ಯಾರ ಹೆಸರು?” ಎಂದು ನನ್ನನ್ನು ಕೇಳಿದರು.

“ಕೆ ಅಕ್ಷರದ್ದು, ಬಾಯಿ,” ಎಂದೆ. ಇದಕ್ಕಿಂತ ಘನತೆಯ ಉತ್ತರ ಇರಲಿಲ್ಲ.

ಈಗ ಅವರಿಗೆ ಕುತೂಹಲ ಹುಟ್ಟಿತ್ತು, ಆದರೆ ಅನುಮಾನವೂ ಹೋಗಿರಲಿಲ್ಲ. ಹುಡುಗಿಗೆ ನೀವೇನು ಕಲಿಸಿದ್ದೀರೋ ನನಗೆ ಹೇಗೆ ಗೊತ್ತಾಗಬೇಕು, ನೀವೇ ಒಂದು ಹೇಳಿ ತೋರಿಸಿ ಎಂದು ಬಸವಣ್ಣೆವ್ವನಿಗೆ ಹೇಳಿದರು.

ಅಲ್ಲಿ ಅರಿಶಿನ ಕುಂಕುಮ ಇರಲಿಲ್ಲ, ತೊಟ್ಟಿಲಿರಲಿಲ್ಲ, ಮದುಮಗಳಿರಲಿಲ್ಲ. ಕಾರಣವಿಲ್ಲದೆ ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯ ಸವೆಯುತ್ತದೆಂದು ನಂಬಿದವಳು ಅವಳು; ದೇವರ ಮುಂದೆಯೂ ಸಡಿಲಿಸದ ನೇಮ ಅದು. ಬೆಂಚಿನ ಮೇಲೆ ಶಿವಪ್ಪನವರು ತೂಕಡಿಸುತ್ತಿದ್ದರು. ಬಸವಣ್ಣೆವ್ವ ಅವರನ್ನೊಮ್ಮೆ ನೋಡಿದಳು. ಒಳಗೆ ರಿಬ್ಬನ್ ಕಚ್ಚಿಕೊಂಡು ಕೂತ ಮೊಮ್ಮಗಳನ್ನೊಮ್ಮೆ ನೋಡಿದಳು. ತಲೆಯ ಮೇಲೆ ಸೆರಗೆಳೆದುಕೊಂಡಳು. ಒಲ್ಲೆ ಎನ್ನಲಿಲ್ಲ. ಯಾರೂ ಬೆನ್ನು ಹತ್ತಲಿ ಎಂದು ಕಾಯಲಿಲ್ಲ.

“ಮೊಮ್ಮಗಳ ಸಾಲಿಗೆ ಬಂದೀನಿ, ಮಾಡಿಲ್ಲ ತಪ್ಪ,
ಸಾಕ್ಷಿಗೆ ಕುಂತಾರ ನಮ್ಮ ರಾಯರು ಶಿವಪ್ಪ.”

“ಹಾಜರ್ ರೀ!” ಎಂದು ಶಿವಪ್ಪನವರು ಬೆಂಚಿನಿಂದ ಎದ್ದು ನಿಂತರು.

ಶಾಲೆಯಲ್ಲಿ ಹೆಸರು ಕೂಗಿದರೆ ಏನು ಮಾಡಬೇಕೆಂದು ಅವರಿಗೆ ಮರೆತಿರಲಿಲ್ಲ. ಕೂಗಿದ್ದು ಯಾರೆಂದು ತಿಳಿದದ್ದು ನಿಂತ ಮೇಲೆ. ಹೆಂಡತಿಯನ್ನು ನೋಡುತ್ತ ನಿಂತೇ ಇದ್ದರು. ಬಸವಣ್ಣೆವ್ವ ಮುಖ ತಿರುಗಿಸಿ, “ಕುಂಡರ್ರಿ, ಏನಾಗಿಲ್ಲ,” ಎಂದಳು.

ಕರಂದೀಕರ್ ಬಾಯಿ ಕರವಸ್ತ್ರದಿಂದ ತುಟಿ ಒರೆಸಿಕೊಂಡರು. ಒರೆಸುವಂಥದ್ದೇನೂ ಅಲ್ಲಿರಲಿಲ್ಲ. ಆಮೇಲೆ ಮುಖ್ಯಾಧ್ಯಾಪಿಕೆಯ ಧ್ವನಿಯಲ್ಲಿ ಆಜ್ಞೆ ಮಾಡಿದರು: ನೀವೆಲ್ಲ ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ಹೋಗಿ ನಿಲ್ಲಿ. ಒತ್ತಾಯ ಮಾಡುವುದಿದ್ದರೆ ನಾನೇ ಮಾಡುತ್ತೇನೆ. ನನ್ನನ್ನು ಮಾತ್ರ ದುಭಾಷಿಯೆಂದು ಬಾಗಿಲಲ್ಲಿ ನಿಲ್ಲಿಸಿಕೊಂಡರು, ಗೋಡೆಗೆ ಮುಖ ಮಾಡಿ.

ಹೀಗಾಗಿ ಮುಂದಿನದು ನಾನು ಕಂಡದ್ದಲ್ಲ, ಕೇಳಿದ್ದು.

“ನೈಫ್.”

ಪೆನ್ಸಿಲ್ ಕೆಳಗಿಟ್ಟ ಸದ್ದು. “ಒಲ್ಲೆ.”

“ಸಾಂಗ ಗ, ಸಾಂಗ. ಲಾಜೂ ನಕೋಸ್.” ಹೇಳೇ ಹೇಳು, ನಾಚಬೇಡ. ಈ ಸ್ವರ ಆ ಕೋಣೆಯ ನಕಾಶೆಗಳೂ ಗ್ಲೋಬೂ ಹಿಂದೆಂದೂ ಕೇಳಿರಲಾರವು.

ಬದನೆಕಾಯಿ ಹೋಳಾಯಿತು. ಪೆನ್ಸಿಲ್ ಓಡಿತು. ಕುರಿಮರಿ ಹೊಲದ ಬದಿಗೆ ಹೋಯಿತು. ಬಾಯಿ ಪ್ರತಿಯೊಂದಕ್ಕೂ ನನ್ನಿಂದ ಅರ್ಥ ಕೇಳಿದರು. ಐಲ್ಯಾಂಡಿಗೆ ಬರುವ ಹೊತ್ತಿಗೆ ಒಲ್ಲೆ ಎನ್ನುವುದನ್ನು ಸ್ನೇಹಲ್ ಬಿಟ್ಟೇಬಿಟ್ಟಿದ್ದಳು. ಒತ್ತಾಯ ಮಾಡುವುದನ್ನು ಬಾಯಿ ಬಿಡಲಿಲ್ಲ.

ತಪ್ಪಾದದ್ದು ಒಂದೇ ಪದ. ‘ನೆಸ್ಟ್’ ಎಂಬ ಬಡಪಾಯಿ ಹಕ್ಕಿಗೂಡಿನ ಮುಂದೆಯೂ ಸ್ನೇಹಲ್ ಒಬ್ಬ ಕೆ-ರಾಯರನ್ನು ಕೂರಿಸಿದ್ದಳು. ಬೇವಿನ ಮರದ ಕೆಳಗೆ ಇದನ್ನು ತಿಳಿಸಿದಾಗ ಬಸವಣ್ಣೆವ್ವ ಮೊಮ್ಮಗಳ ಪರ ನಿಂತಳು: “ಗೂಡಂದ್ರ ಮನಿ ಹೌದಿಲ್ರಿ? ಮನಿ ಅಂದಮ್ಯಾಲ ಯಜಮಾನ ಇರಬ್ಯಾಡೇನು? ಅವರ ಪುಸ್ತಕದಾಗ ತಪ್ಪದ.”

ಸೀಟು ಸಿಕ್ಕಿತು. ಬಸವಪ್ರಭು ನನ್ನ ಜೊತೆ ಓಣಿಯ ತಿರುವಿನವರೆಗೆ ಬಂದರು. ಅಲ್ಲಿ ನಿಂತು, “ಮಾಸ್ತರ, ನಮ್ಮವ್ವನ ಬಾಯಿಲೆ ಅಪ್ಪನ ಹೆಸರು ಕಾರ್ಯ ಇಲ್ಲದ ದಿನ ನಾ ಕೇಳೇ ಇದ್ದಿಲ್ರಿ,” ಎಂದರು. ಮುಂದೆ ಏನೋ ಹೇಳಲು ಹೊರಟು, ಅಂಗಡಿಯಲ್ಲಿ ಪೇಢೆ ಕೊಳ್ಳಲು ಹೋದರು. ಮನೆಯಲ್ಲಿ ಮಾಧುರಿ ಕೇಳಿದ್ದು ಒಂದೇ: “ಇಲ್ಲೇ ಇರ್ತಾಳಲ್ರಿ?” ಸ್ನೇಹಲ್ ಅವಳ ಸೆರಗು ಹಿಡಿದುಕೊಂಡಳು.

ಆಮೇಲಿನ ವರ್ಷಗಳಲ್ಲಿ ವಾಡೆಯ ಎಷ್ಟೋ ಮಕ್ಕಳು ಇದೇ ದಾರಿಯಲ್ಲಿ ದಾಟಿದರು. ಈಗ ವಾಡೆ ಹೋಗಿ ಆರು ಅಂತಸ್ತಿನ ಕಟ್ಟಡ ಬಂದಿದೆ. ಸ್ನೇಹಲ್ ಬಾರಾಮತಿಯಲ್ಲಿ ಲೆಕ್ಚರರ್. ಅವಳ ಕಾಗದಗಳಲ್ಲಿ ಒಂದು ಅಕ್ಷರವೂ ಜಾಗ ಬಿಟ್ಟು ಏಳುವುದಿಲ್ಲ. ನಾನು ಇಂದಿಗೂ ಹಣ್ಣು ಹೆಚ್ಚಲು ಕೂತರೆ, ಹಳೆಯ ಕೆ-ಯನ್ನು ತೆಗೆದೊಗೆಯದೆ ಉಳಿಸಿದ ಅನಾಮಿಕ ಇಂಗ್ಲಿಷರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುತ್ತೇನೆ. ಅವರು ಅಷ್ಟು ಮಡಿವಂತರಾಗಿರದಿದ್ದರೆ ನನಗೆ ಆ ಬೆಳಿಗ್ಗೆ ಸಿಗುತ್ತಿರಲಿಲ್ಲ.

ಆದರೆ ಕಥೆ ಮುಗಿದದ್ದು ಪರೀಕ್ಷೆಯಾದ ಮುಂದಿನ ಶುಕ್ರವಾರ. ಬಸವಣ್ಣೆವ್ವ ತೆಂಗಿನಕಾಯಿ, ಅಕ್ಕಿ, ಕುಪ್ಪಸದ ಖಣ, ಐದು ಉತ್ತತ್ತಿ ಕಟ್ಟಿಕೊಂಡು, ಹೊಸ ಸಮವಸ್ತ್ರದ ಸ್ನೇಹಲ್‌ಳನ್ನೂ ನನ್ನನ್ನೂ ಮುಂದೆ ಮಾಡಿಕೊಂಡು ಶಾಲೆಗೆ ಹೋದಳು. ಕರಂದೀಕರ್ ಬಾಯಿಗೆ ಉಡಿ ತುಂಬಬೇಕಂತೆ. ಕೆಲಸದ ಹೊತ್ತು, ನಿಯಮವಿಲ್ಲ ಎಂದು ಬಾಯಿ ಹೇಳಿದರು. ಹೇಳುತ್ತಲೇ ಎದ್ದು ಸೆರಗೊಡ್ಡಿದರು. ಕುಂಕುಮ ಹಚ್ಚಿಸಿಕೊಂಡರು. ಅಕ್ಕಿ ಬಿತ್ತು, ಕಾಯಿ ಬಿತ್ತು.

“ಈಗ ಹೆಸರು ಹೇಳ್ರಿ ಬಾಯಿ,” ಎಂದಳು ಬಸವಣ್ಣೆವ್ವ, ಕನ್ನಡದಲ್ಲೇ. ನಾನು ಅನುವಾದಿಸಲು ಬಾಯಿ ತೆರೆದೆ, ಅವಶ್ಯವಿರಲಿಲ್ಲ.

ಕರಂದೀಕರ್ ಬಾಯಿ ತಲೆ ತಗ್ಗಿಸಿದರು. “ನಕೋ, ನಕೋ,” ಎಂದರು, ನಮ್ಮ ‘ಒಲ್ಲೆ’ಯ ಧಾಟಿಯಲ್ಲೇ. ಆಮೇಲೆ ಸುಮ್ಮನೆ, ಸೆರಗಿನಲ್ಲಿ ತೆಂಗಿನಕಾಯಿ ಹಿಡಿದುಕೊಂಡು, ನಿಂತರು.

ಅವರು ಯಾತಕ್ಕೆ ಕಾಯುತ್ತಿದ್ದಾರೆಂದು ಮೊದಲು ತಿಳಿದದ್ದು ಸ್ನೇಹಲ್‌ಗೆ.

“ಸಾಂಗಾ ಬಾಯಿ, ಸಾಂಗಾ,” ಎಂದಳು. “ಲಾಜೂ ನಕಾ.”